ಚಂಡಮಾರುತದ ಸುದ್ದಿ: ಮೊದಲು ಮೆಕ್ಕೆಜೋಳ ಮುಚ್ಚಿ

ಎರಡು ದಿನದಿಂದ ನಮ್ಮ ಬೀದಿಯವರ ಕಣ್ಣೆಲ್ಲ ಮೋಡದ ಮೇಲೇ. ಬಂಗಾಳ ಕೊಲ್ಲಿಯ ಚಂಡಮಾರುತ ದಾವಣಗೆರೆ ಕಡೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಗಾಳಿಯ ಜೋರು ಇಳಿದಿರುತ್ತದೆ. ನಮಗೆ ಕಾಟ ಕೊಡುವುದು ಬಿಡದೆ ಹಿಡಿಯುವ ಮಳೆ.

ಒಣಗಲು ಹಾಕಿದ ಮೆಕ್ಕೆಜೋಳವನ್ನು ಸಂಜೆಯೊಳಗೆ ರಾಶಿ ಮಾಡಿ ತಾಡಪಾಲು ಹೊದಿಸಿ. ಸುತ್ತ ಸಣ್ಣ ಕಾಲುವೆ ತೋಡಿ. ನೀರು ಮೇಲಿಂದಲ್ಲ, ಅಡಿಯಿಂದಲೇ ಜಾಸ್ತಿ ನುಗ್ಗುವುದು. ಹೋದ ಸಲ ನಾನು ಇದನ್ನೇ ಮರೆತು, ತಳದ ಕಾಳೆಲ್ಲ ಮೊಳಕೆ ಬಂತು! ಮಳೆ ಬಿಟ್ಟ ಕೂಡಲೇ ತಾಡಪಾಲು ತೆಗೆದು ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ವಾಟ್ಸಾಪ್‌ನ ಹಳೇ ವಿಡಿಯೋ ನೋಡಿ ಸುಮ್ನೆ ಹೆದರಬೇಡಿ. ಹವಾಮಾನ ಇಲಾಖೆ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಅದಕ್ಕೂ ಜಾಸ್ತಿ. ಕರೆಂಟ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.