ಕೋಟೆಯೊಳಗೆ ನೀರಿನ ಪೈಪ್ ಹಾಕುವಾಗ

ಚಿತ್ರದುರ್ಗದ ಏಳುಸುತ್ತಿನ ಕೋಟೆಯಂಥ ಕಡೆ ಕುಡಿಯುವ ನೀರಿನ ಪೈಪ್ ಎಳೆಯುವ ಕೆಲಸ ಸಿಕ್ಕಿತೇ? ಜೆಸಿಬಿಯವನಿಗೆ ಈಗಲೇ ಫೋನ್ ಮಾಡಬೇಡಿ. ಮೊದಲು ಕಾಗದಪತ್ರ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸಾರ್ವಜನಿಕ ನೀರು ಸರಬರಾಜಿನ ಕೆಲಸವನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ 'ನಿರ್ಮಾಣ' ಎಂದು ಲೆಕ್ಕ ಹಿಡಿಯುವುದಿಲ್ಲ, ನಿಜ. ಆದರೆ ಅದನ್ನೇ ಹಿಡಿದುಕೊಂಡು ಕೋಟೆಯೊಳಗೆ ಗುದ್ದಲಿ ಹಾಕುವಂತಿಲ್ಲ. ರಕ್ಷಿತ ಜಾಗದೊಳಗೆ ಅಗೆಯಲು 1958ರ ಆ ಮೂಲ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಬೇಕೇ ಬೇಕು. ಪುರಾತತ್ವ ಸರ್ವೇಕ್ಷಣದ ಕಚೇರಿಯಿಂದಲೇ ಶುರು ಮಾಡಿ.

ಆಮೇಲೆ ನಕ್ಷೆ. ಇದರಲ್ಲಿ ಊರವರು ಹೇಳುವ ಕಥೆಗಳಿಗೂ ಜಾಗ ಕೊಡಿ, ತಮಾಷೆಗೆ ಹೇಳುತ್ತಿಲ್ಲ. ಓಬವ್ವನ ಕಥೆಯನ್ನೇ ನೋಡಿ: ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡು ಒನಕೆ ಎತ್ತಿಕೊಳ್ಳುತ್ತಾಳೆ. ಎಲ್ಲರಿಗೂ ನೆನಪಿರುವುದು ಒನಕೆ. ಪೈಪ್ ಹಾಕುವವರು ನೆನಪಿಡಬೇಕಾದ್ದು ನೀರು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಪೈಪಿಗೆಂದು ನೀವು ತೋಡುವ ಚರಂಡಿ ಇಂಥ ದಾರಿಗೆ ಅಡ್ಡ ಬಂದರೆ ಮುಂದಿನ ಮಳೆಗೆ ನೀರು ಎಲ್ಲಿಗೆ ನುಗ್ಗುತ್ತದೋ, ಯಾವ ಗೋಡೆಯ ಬುಡ ಸಡಿಲ ಮಾಡುತ್ತದೋ. ಅದಕ್ಕೇ ಒಂದು ಜೋರು ಮಳೆಯಲ್ಲಿ ಸುಮ್ನೆ ಅಲ್ಲೆಲ್ಲ ನಡೆದು, ನೀರು ಹರಿಯುವ ಜಾಗ ಗುರುತು ಮಾಡಿಕೊಳ್ಳಿ.

ಆಗಲೇ ಅಗೆದು ಹೋಗಿರುವ ಹಳೇ ಪೈಪಿನ ಸಾಲೋ, ಈಚಿನ ಕಾಲುದಾರಿಯ ಅಂಚೋ ಸಿಕ್ಕರೆ ಅದೇ ಒಳ್ಳೆಯದು, ಪೈಪ್ ಸ್ವಲ್ಪ ಜಾಸ್ತಿ ಹಿಡಿದರೂ ಪರವಾಗಿಲ್ಲ. ಬಂಡೆ ಬಂದರೆ ಸಿಡಿಮದ್ದೂ ಬೇಡ, ಬ್ರೇಕರ್ರೂ ಬೇಡ. ಕಪ್ಪು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪ್ ಬಿಸಿಲು ತಡೆಯುತ್ತದೆ, ಬಂಡೆಯ ಮೇಲೇ ಹಾಯಿಸಬಹುದು. ಬಂಡೆಗೆ ಮೊಳೆ ಹೊಡೆಯಬೇಡಿ.

ಮಣ್ಣಿರುವಲ್ಲಿ ಕೈಯಿಂದಲೇ, ಪದರ ಪದರವಾಗಿ ಅಗೆಯಿರಿ. ಪಕ್ಕದಲ್ಲಿ ಪುರಾತತ್ವ ಇಲಾಖೆಯವರೊಬ್ಬರು ಇರಲಿ. ಮಡಕೆಚೂರು, ಇಟ್ಟಿಗೆ ಸಾಲು, ಬೂದಿ ಬಣ್ಣದ ಮಣ್ಣು ಕಂಡರೆ ನಿಲ್ಲಿಸಿ, ಇದ್ದ ಹಾಗೇ ಫೋಟೋ ತೆಗೆಯಿರಿ. ನಾಣ್ಯ, ಒಡವೆ ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕದ 1962ರ ನಿಧಿ ಕಾಯ್ದೆ ಹಾಗೆನ್ನುತ್ತದೆ!

ಜಾಯಿಂಟುಗಳನ್ನು ಹಳೇ ಗೋಡೆಯಿಂದ ದೂರ ಇಡಿ, ಏಕೆಂದರೆ ಸೋರುವುದು ಅಲ್ಲೇ. ಮಣ್ಣು ಮುಚ್ಚುವ ಮೊದಲು ಒತ್ತಡ ಹಾಕಿ ಪರೀಕ್ಷಿಸಿ. ಪೈಪ್ ಕೊನೆಗೆ ಎಲ್ಲೆಲ್ಲಿ ಹೋಯಿತೋ ಆ ನಕ್ಷೆಯ ಒಂದು ಪ್ರತಿ ಇಲಾಖೆಗೆ, ಇನ್ನೊಂದು ವಾಲ್ವ್ ತಿರುಗಿಸುವವರ ಕೈಗೆ.