ತಾತನ ಫೋರ್ಡ್ ಕಾರಿನ ಕಾರ್ಬುರೇಟರ್ ಲೀಕ್ ನಿಲ್ಲಿಸಿದ್ದು ಹೀಗೆ

ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆ ಶೆಡ್ಡಿನಲ್ಲಿ ತಾತನ ಕಾರಿದೆ, 1937ರ ಫೋರ್ಡ್ ವಿ8. ಹೋದ ಬೇಸಿಗೆಯಲ್ಲಿ ಬಾನೆಟ್ ಎತ್ತಿದಾಗಲೆಲ್ಲ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಕೆಳಗೆ, ಇಂಜಿನ್ ಮೇಲೆಯೇ ಪೆಟ್ರೋಲ್ ನಿಂತಿರುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಒಂದು ಕಿಡಿ ಸಾಕು, ಕಾರಿನ ಜೊತೆ ಶೆಡ್ಡೂ ಹೋಗುತ್ತದೆ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲು ಕಾರನ್ನು ಬಯಲಿಗೆ ತಳ್ಳಿ, ಬ್ಯಾಟರಿ ವೈರ್ ಕಳಚಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳುತ್ತಿದ್ದೆ. ಲೀಕ್ ಪೂರ್ತಿ ಹಿಡಿತಕ್ಕೆ ಬರಲು ಮೂರು ತಿಂಗಳು ಬೇಕಾಯಿತು.

ಕಾರ್ಬುರೇಟರ್ ಸ್ಟ್ರಾಂಬರ್ಗ್ 97. ಗಾಳಿ ಹಾಯುವ ಅದರ ಗಂಟಲಿನ ಅತಿ ಕಿರಿದಾದ ಜಾಗ 0.97 ಇಂಚು, ಅದಕ್ಕೇ ಆ ನಂಬರ್. ಪೆಟ್ರೋಲ್ ಮೊದಲು ಬೌಲ್ ಅನ್ನುವ ಪುಟ್ಟ ತೊಟ್ಟಿಗೆ ಬರುತ್ತದೆ, ಅಲ್ಲಿ ತೇಲುವ ಫ್ಲೋಟ್ ಮೇಲೇರಿದಾಗ ನೀಡಲನ್ನು ಅದರ ಸೀಟಿಗೆ ಒತ್ತಿ ದಾರಿ ಮುಚ್ಚುತ್ತದೆ. ಅಮೆರಿಕದ ಹಾಟ್ ರಾಡ್ ಮಂದಿ, ಅಂದರೆ ಹಳೇ ಕಾರಿನ ವೇಗ ಹೆಚ್ಚಿಸುವ ಹುಚ್ಚಿನವರು, ಇಂಥ ಕಾರ್ಬುರೇಟರುಗಳನ್ನು ಎರಡು ಮೂರು ಸಾಲಾಗಿ ಒಂದೇ ಇಂಜಿನ್ ಮೇಲೆ ಕೂರಿಸುತ್ತಾರೆ. ಆ ಪ್ರೀತಿಯಿಂದಾಗಿಯೇ ಇದರ ನೀಡಲ್, ಗ್ಯಾಸ್ಕೆಟ್ (ಎರಡು ಭಾಗಗಳ ನಡುವಿನ ಪ್ಯಾಕಿಂಗ್), ವಾಷರ್ ಎಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ.

ಶುರುವಿನಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಗ್ಯಾಸ್ಕೆಟ್ ಬದಲಿಸಿದೆ, ನಿಲ್ಲಲಿಲ್ಲ. ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿದೆ, ಲೀಕ್ ಜಾಸ್ತಿಯಾಯಿತು. ಮೇಲಿನ ಮುಚ್ಚಳ ಜಿಂಕ್ ಎರಕದ್ದು, ಮೆತ್ತಗಿರುತ್ತದೆ, ಬಿಗಿ ಮಾಡಿದಷ್ಟೂ ಸ್ಕ್ರೂ ಕೂರುವ ಕಿವಿಗಳು ಕೆಳಗೆ ಬಾಗಿ ಮಧ್ಯದಲ್ಲಿ ಸಂದಿ ಬಿಡುತ್ತದೆ. ಆಮೇಲೆ ಸಿಲಿಕೋನ್ ಗಮ್ ಬಳಿದೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಪೆಟ್ರೋಲಿಗೆ ಅದು ಉಬ್ಬಿ ಕಿತ್ತುಬರುತ್ತದೆ, ಚೂರುಗಳು ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಹೋಗಿ ಸಿಕ್ಕಿಕೊಳ್ಳುತ್ತವೆ.

ಕೊನೆಗೆ ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಭಾಯ್ ಕಾರ್ಬುರೇಟರ್ ಮುಟ್ಟಲೇ ಇಲ್ಲ. "ಸಾರ್, ಎಲ್ಲಿ ತೊಟ್ಟಿಕ್ಕುತ್ತೆ ಅನ್ನೋದು ಆಮೇಲೆ. ಯಾವಾಗ ತೊಟ್ಟಿಕ್ಕುತ್ತೆ, ಅದನ್ನ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಕಾರ್ಬುರೇಟರ್ ಹೊರಮೈಯನ್ನು ಪೂರ್ತಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಬ್ರಷ್ಷಿನಲ್ಲಿ ತೆಳ್ಳಗೆ ಸವರಿದೆ. ಗಾಳಿ ಎಳೆಯುವ ಬಾಯಿಗೆ ಪುಡಿ ಹೋಗದ ಹಾಗೆ ನೋಡಿಕೊಂಡೆ. ಪೆಟ್ರೋಲ್ ತಾಗಿದ ಕಡೆ ಪುಡಿ ಕಪ್ಪಾಗುತ್ತದೆ, ಗೆರೆ ಎಲ್ಲಿಂದ ಶುರುವಾಯಿತು ಅಂತ ಕಾಣುತ್ತದೆ. ಹೀಗೆ ಮೂರು ಸಲ ನೋಡಿದೆ: ರಾತ್ರಿಯೆಲ್ಲ ನಿಂತ ಮೇಲೆ, ಇಂಜಿನ್ ಓಡುವಾಗ, ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷಕ್ಕೆ. ಒಂದೇ ಲೀಕ್ ಅಂದುಕೊಂಡಿದ್ದೆ, ಮೂರಿದ್ದವು.

ರಾತ್ರಿ ಪಂಪ್ ಕೆಲಸ ಮಾಡುವುದಿಲ್ಲ. ಆಗಲೂ ಸೋರಿದರೆ ದಾರಿ ಬೌಲಿನ ಪೆಟ್ರೋಲ್ ಮಟ್ಟಕ್ಕಿಂತ ಕೆಳಗೇ ಇರಬೇಕು, ಅಲ್ವಾ? ನನ್ನದರಲ್ಲಿ ಅದು ಮೇನ್ ಜೆಟ್ಟಿನ ಹೊರಗಿನ ಪ್ಲಗ್. ಅದರ ಫೈಬರ್ ವಾಷರ್ ಒಣಗಿ ಸೀಳಿತ್ತು. ವಾಷರ್ ಬದಲಿಸಿದೆ, ಅದು ಅಲ್ಲಿಗೆ ಮುಗಿಯಿತು.

ಓಡುವಾಗ ಮೇಲಿಂದ ಉಕ್ಕುತ್ತಿದ್ದದ್ದೇ ಸತಾಯಿಸಿದ್ದು. ಫ್ಲೋಟ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವ ಸದ್ದು. ಹಿತ್ತಾಳೆಯ ಡಬ್ಬಿ ಅದು, ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿದೆ, ಗುಳ್ಳೆ ಬಂದ ಕಡೆ ಗುರುತು ಮಾಡಿದೆ. ಒಳಗೆ ಪೆಟ್ರೋಲ್ ಇರುವಾಗ ಬೆಸುಗೆ ಕಾವು ತೋರಿಸಿದರೆ ಸಿಡಿಯುತ್ತದೆ, ಅದಕ್ಕೆ ಎದುರು ಬದಿಗೆ ಇನ್ನೊಂದು ಸಣ್ಣ ತೂತು ಕೊರೆದು, ಒಳಗೆಲ್ಲ ನೀರಾಡಿಸಿ, ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಬೆಸುಗೆ ಹಾಕಿದೆ. ಎರಡನೇ ತೂತು ಇರುವುದರಿಂದ ಕಾದ ಗಾಳಿ ಆ ಕಡೆ ಹೋಗುತ್ತದೆ, ಬೆಸುಗೆ ಉಬ್ಬುವುದಿಲ್ಲ. ಅದನ್ನು ಕೊನೆಗೆ ಒಂದೇ ತೊಟ್ಟಿನಲ್ಲಿ ಮುಚ್ಚಬೇಕು. ಸೀಸ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟ ಏರುತ್ತದೆ. ಅಶೋಕ ರಸ್ತೆಯಲ್ಲಿ ಪರಿಚಯದ ಚಿನ್ನದ ಅಂಗಡಿಯಿದೆ, ಅವರ ತಕ್ಕಡಿಯಲ್ಲಿ ಬೆಸುಗೆಗೆ ಮೊದಲೂ ಆಮೇಲೂ ತೂಗಿದೆ. ಅರ್ಧ ಗ್ರಾಂಗಿಂತ ಕಮ್ಮಿ ವ್ಯತ್ಯಾಸ ಬರುವ ತನಕ ಅರದಲ್ಲಿ ಉಜ್ಜಿದೆ.

ಹೊಸ ನೀಡಲ್, ಸೀಟ್ ಕೂಡ ಹಾಕಿದೆ. ಆದರೂ ಉಕ್ಕಿತು! ಆಗ ಬೇಜಾರಾಗಿದ್ದು ನಿಜ. ಭಾಯ್‌ಗೆ ಫೋನ್ ಮಾಡಿದೆ. "ಪಂಪ್ ಯಾವುದು ಹಾಕಿದ್ದೀರಿ?" ಅಂತ ಅವರು ಕೇಳಿದ ಕೂಡಲೇ ಹೊಳೆಯಿತು. ಬಿಸಿಲಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ ಅಂತ ಹಿಂದಿನ ವರ್ಷ ನಾನೇ ಒಂದು ಎಲೆಕ್ಟ್ರಿಕ್ ಪಂಪ್ ಹಾಕಿದ್ದೆ, ಅದರ ಡಬ್ಬದ ಮೇಲೆ ಒತ್ತಡ 4ರಿಂದ 7 ಪಿಎಸ್‌ಐ ಅಂತ ಬರೆದಿತ್ತು. ಈ ಕಾರ್ಬುರೇಟರಿಗೆ ಬೇಕಾದ್ದು ಸುಮಾರು 2.5. ಮೂರು ದಾಟಿದರೆ ಆ ಪುಟ್ಟ ಫ್ಲೋಟಿಗೆ ನೀಡಲ್ ಒತ್ತಿ ಹಿಡಿಯುವ ಶಕ್ತಿ ಇಲ್ಲ. ನೀಡಲ್ ಎಷ್ಟೇ ಹೊಸದಿದ್ದರೂ ಪೆಟ್ರೋಲ್ ಅದನ್ನು ತಳ್ಳಿಕೊಂಡು ಬರುತ್ತದೆ. ಹಳೇ ಮೆಕ್ಯಾನಿಕಲ್ ಪಂಪಿಗೆ ಹೊಸ ಡಯಾಫ್ರಂ (ಪೆಟ್ರೋಲ್ ತಳ್ಳುವ ಪೊರೆ) ಹಾಕಿ ವಾಪಸ್ ಕೂರಿಸಿದೆ, ಗೇಜ್ ಇಟ್ಟು ನೋಡಿದರೆ ಎರಡೂವರೆ ಹತ್ತಿರ ನಿಂತಿತು. ಉಕ್ಕುವುದು ಅವತ್ತೇ ನಿಂತಿತು.

ಸ್ಕ್ರೂ ಬಿಗಿದು ಬಾಗಿದ ಮುಚ್ಚಳಕ್ಕೆ ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಹಾಳೆ ಹಾಸಿ, ಸೀಮೆಎಣ್ಣೆ ಹಚ್ಚಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಕಿವಿಗಳ ತುದಿ ಮೊದಲು ಹೊಳೆಯುತ್ತದೆ, ಅಂಚೆಲ್ಲ ಒಂದೇ ಸಮ ಹೊಳೆದರೆ ಸಾಕು. ಪೆಟ್ರೋಲ್ ಮಟ್ಟ ಬೌಲಿನ ಅಂಚಿನಿಂದ 15/32 ಇಂಚು ಕೆಳಗಿರಬೇಕು, ಹೆಚ್ಚುಕಮ್ಮಿ 12 ಮಿಲಿಮೀಟರ್. ಅಳತೆ ಮಧ್ಯದಲ್ಲೇ ತೆಗೆಯಿರಿ, ಗೋಡೆ ಪಕ್ಕ ಪೆಟ್ರೋಲ್ ಸ್ವಲ್ಪ ಮೇಲೇರಿ ನಿಂತಿರುತ್ತದೆ. ಪೈಪಿನ ತುದಿಯ ಫ್ಲೇರ್ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅಲ್ಲಿ ಲೋಹಕ್ಕೆ ಲೋಹ ಕೂತೇ ಲೀಕ್ ನಿಲ್ಲಬೇಕು.

ಬಿಸಿ ಇಂಜಿನ್ ನಿಲ್ಲಿಸಿದ ಮೇಲಿನ ನಾಲ್ಕು ಹನಿ ಮೂರನೆಯದು. ಅದು ಬಿರುಕಲ್ಲ, ಕಾವಿಗೆ ಬೌಲಿನ ಪೆಟ್ರೋಲ್ ಕುದಿದು ಗಂಟಲಿಗೆ ಇಳಿಯುವುದು. ಕಾರ್ಬುರೇಟರ್ ಕೆಳಗೆ ದಪ್ಪ ಪ್ಯಾಕಿಂಗ್ ಇಟ್ಟ ಮೇಲೆ ತುಂಬಾ ಕಮ್ಮಿಯಾಗಿದೆ.

ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇದೆ. ನಮ್ಮ ಮಂಡ್ಯದ ಕಡೆ ಬೆಳೆಯುವ ಕಬ್ಬಿನಿಂದಲೂ ಎಥನಾಲ್ ತೆಗೆಯುತ್ತಾರೆ, ರೈತರಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೂ ಸಂತೋಷವೇ. ಆದರೆ 1937ರಲ್ಲಿ ಈ ಕಾರು ಮಾಡಿದವರು ಅದನ್ನು ಯೋಚಿಸಿರಲಿಲ್ಲ. ಹಳೇ ರಬ್ಬರ್ ಊದಿಕೊಳ್ಳುತ್ತದೆ, ನಿಂತ ಪೆಟ್ರೋಲ್ ನೀರು ಹೀರಿ ಜಿಂಕಿಗೆ ಬಿಳಿ ಪುಡಿ ಹಿಡಿಸುತ್ತದೆ. ಡಯಾಫ್ರಂ, ಪೈಪ್, ನೀಡಲ್ ತುದಿ ಎಲ್ಲ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ತನ್ನಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಬೌಲ್ ಖಾಲಿ ಮಾಡಿಡಿ.

ಮೊನ್ನೆ ನಂಜನಗೂಡಿಗೆ ಹೋಗಿ ಬಂದೆ. ಪುಡಿ ಸವರಿ ನೋಡಿದರೆ ಥ್ರಾಟಲ್ ಕಂಬಿಯ (ಆಕ್ಸಿಲರೇಟರ್ ಒತ್ತಿದಾಗ ತಿರುಗುವುದು) ಎಡ ತುದಿಯಲ್ಲಿ ಮಾತ್ರ ಸ್ವಲ್ಪ ತೇವ. ಕಂಬಿ ಆಡುವ ತೂತು ಸವೆದಿದೆ. ಬನ್ನಿಮಂಟಪದ ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಬೇಕು, ದಸರಾ ಕಳೆದ ಮೇಲೆ ಬನ್ನಿ ಅಂದಿದ್ದಾರೆ.