ಅಂಗೈ ಅಗಲದ ಮೀನಿಗೆ ಎಂಥ ರಾಡ್? ನನ್ನ ಅನುಭವ

ನಾನಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಇಲ್ಲಿ ಬಡಾವಣೆ ಹಿಂದಿನ ಹೊಂಡಗಳಲ್ಲೂ ಬ್ಲೂಗಿಲ್ ಸಿಗುತ್ತದೆ. ಅಂಗೈ ಅಗಲದ, ಚಪ್ಪಟೆ ಮೈಯ ಮೀನು. ಬ್ಲೂಗಿಲ್, ರೆಡ್‌ಇಯರ್, ಲಾಂಗ್‌ಇಯರ್, ಕ್ರಾಪಿ ಇವನ್ನೆಲ್ಲ ಸೇರಿಸಿ ಪ್ಯಾನ್‌ಫಿಶ್ ಅನ್ನುತ್ತಾರೆ. ಫ್ಲೈ ಫಿಶಿಂಗ್, ಅಂದರೆ ಹುಳುವಿನಂತೆ ಕಾಣುವ ಹಗುರ ಗಾಳ (ಫ್ಲೈ) ಎಸೆದು ಮೀನು ಹಿಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮೀನಿಲ್ಲ. ಟ್ರೌಟ್ ತರ ಬಿಂಕ ಇಲ್ಲ, ಎದುರಿಗೆ ಬಿದ್ದದ್ದಕ್ಕೆ ಬಾಯಿ ಹಾಕುತ್ತದೆ. ಆದರೆ ಅಂಗಡಿಗೆ ಹೋದರೆ ಅಲ್ಲಿರುವ ಸಲಹೆಯೆಲ್ಲ ಟ್ರೌಟ್‌ಗೆ ಹೇಳಿದ್ದೇ. ಹಾಗಾಗಿ ನಾನೇ ಕೂತು ಲೆಕ್ಕ ಹಾಕಿದೆ.

ಊರಲ್ಲಿ ನಾವು ಎರೆಹುಳು ಸಿಕ್ಕಿಸಿ ಗಾಳ ಹಾಕುವಾಗ ದಾರಕ್ಕೆ ಸೀಸದ ಗುಂಡು ಕಟ್ಟುತ್ತೇವೆ ಅಲ್ವಾ? ಬೀಸಿದಾಗ ಆ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಗರಿ, ನೂಲು ಸುತ್ತಿದ ಫ್ಲೈಗೆ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ಲೈನಿಗೆ, ಅದು ಫ್ಲೈಯನ್ನು ಹೊತ್ತೊಯ್ಯುತ್ತದೆ. ರಾಡ್ ಮೇಲೆ ಬರೆದಿರುವ 3, 4, 5 ಅನ್ನುವ ನಂಬರ್ ಹೇಳುವುದು ಯಾವ ತೂಕದ ಲೈನಿಗೆ ಆ ರಾಡ್ ಸರಿ ಅಂತ. ಮೊದಲ 30 ಅಡಿ ಲೈನು 3 ನಂಬರಿನಲ್ಲಿ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. 5ರಲ್ಲಿ 140 ಗ್ರೇನ್, ಸುಮಾರು 9 ಗ್ರಾಂ.

ಸಣ್ಣ ಮೀನು, ಹಾಗಾಗಿ 2 ನಂಬರ್ ರಾಡ್ ತಗೊಳ್ಳಿ ಅನ್ನುವವರು ಜಾಸ್ತಿ. ಮೀನಿನ ಮಟ್ಟಿಗೆ ಅದು ನಿಜ. ಆದರೆ ಇಲ್ಲಿ ವಸಂತದಲ್ಲಿ ದಕ್ಷಿಣದ ಗಾಳಿ ಜೋರು. ಬ್ಲೂಗಿಲ್‌ಗೆ ಇಷ್ಟವಾದ ಫೋಮ್ ಪಾಪರ್ (ನೀರ ಮೇಲೆ ತೇಲುವ ಫ್ಲೈ) ಗಾಳಿಗೆ ಅಡ್ಡ ನಿಲ್ಲುವ ವಸ್ತು. ಹಗುರ ಲೈನು ಅದನ್ನು ಸಾಗಿಸಲಾರದೆ ಅರ್ಧದಲ್ಲೇ ಕೈಬಿಡುತ್ತದೆ. ಅದಕ್ಕೇ 4 ನಂಬರಿನ, ಎಂಟು ಅಡಿಯ ಗ್ರಾಫೈಟ್ ರಾಡ್ ಆರಿಸಿದೆ. ಬೀಸುವಾಗ ನಡುಭಾಗದವರೆಗೂ ಬಾಗುವಂಥದ್ದು, ಅಂದರೆ ಮೀಡಿಯಂ ಆಕ್ಷನ್. ಕೋಲು ತೀರ ಬಿಗಿಯಾಗಿದ್ದರೆ ಹತ್ತಿರದ ಎಸೆತದಲ್ಲಿ ಹೊಸಬರಿಗೆ ಲೈನಿನ ಭಾರವೇ ಕೈಗೆ ತಿಳಿಯುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ ಹೊರಗೆ ಹುಲ್ಲಿನ ಮೇಲೆ ಬೀಸಿ ನೋಡಿದೆ. ನಾಚಿಕೊಳ್ಳಬೇಡಿ, ಕೇಳಿ. ಬಾಸ್ ಮೀನೂ ಬೇಕು, ಒಂದೇ ರಾಡ್‌ನಲ್ಲಿ ಎಲ್ಲ ಆಗಬೇಕು ಅನ್ನುವವರು 9 ಅಡಿಯ 5 ನಂಬರ್ ತಗೊಳ್ಳಲಿ. ಬ್ಲೂಗಿಲ್‌ನ ಎಳೆತ ಸ್ವಲ್ಪ ಮಂಕಾಗುತ್ತದೆ, ಅಷ್ಟೇ.

ರೀಲ್‌ಗೆ ದುಡ್ಡು ಸುರಿಯಬೇಡಿ. ಈ ಮೀನಿನ ಮಟ್ಟಿಗೆ ಅದು ಲೈನ್ ಸುತ್ತಿಡುವ ಉರುಳೆ ಮಾತ್ರ. ಮೀನು ಸಿಕ್ಕಾಗ ನಾವು ಲೈನನ್ನು ಕೈಯಿಂದಲೇ ಎಳೆದುಕೊಳ್ಳುತ್ತೇವೆ, ರೀಲ್ ತಿರುಗಿಸುವ ಪ್ರಮೇಯ ಬರುವುದು ಕಡಿಮೆ. ಟಕಟಕ ಸದ್ದಿನ ಸಾದಾ ಕ್ಲಿಕ್ ರೀಲ್ ಸಾಕು.

ಅಲ್ಲಿ ಉಳಿದದ್ದನ್ನು ಲೈನಿಗೆ ಹಾಕಿದೆ. ಒಳ್ಳೆ ಲೈನು ಅಗ್ಗದ ರಾಡನ್ನೂ ಮೇಲೆತ್ತುತ್ತದೆ. ಡಬ್ಬಿ ಮೇಲೆ WF4F ಅಂತಿರಬೇಕು. WF ಅಂದರೆ ಭಾರ ಮುಂಭಾಗದಲ್ಲಿ, ಕೊನೆಯ F ಅಂದರೆ ನೀರ ಮೇಲೆ ತೇಲುವಂಥದ್ದು. ರಾಡ್, ರೀಲ್, ಲೈನ್ ಸೇರಿದ ಸೆಟ್ ಸುಮಾರು ನೂರರಿಂದ ಇನ್ನೂರು ಡಾಲರ್‌ಗೆ ಸಿಗುತ್ತದೆ. ಸೆಟ್ ಕೊಂಡರೂ ತಪ್ಪಿಲ್ಲ, ಆದರೆ ಅದರಲ್ಲಿ ಮೊದಲು ಬದಲಿಸಬೇಕಾದ್ದು ಲೈನೇ ಅನ್ನುವುದು ನನ್ನ ಅಭಿಪ್ರಾಯ.

ಲೈನ್ ತುದಿಗೆ ಏಳೂವರೆ ಅಡಿಯ ಲೀಡರ್, ಅಂದರೆ ಫ್ಲೈ ಕಟ್ಟುವ ತೆಳ್ಳನೆ ಎಳೆ, 4X. ಇಲ್ಲಿ X ಮುಂದಿನ ನಂಬರ್ ಏರಿದಷ್ಟೂ ಎಳೆ ತೆಳ್ಳಗೆ. 11ರಿಂದ ಆ ನಂಬರ್ ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಬರುತ್ತದೆ, 4X ಅಂದರೆ 0.007 ಇಂಚು. 6X ಹಾಕಿ ಪಾಪರ್ ಎಸೆದರೆ ಎಳೆ ತಿರುಚಿ ಗಂಟಾಗುತ್ತದೆ. ಬ್ಲೂಗಿಲ್ ಎಳೆಯ ದಪ್ಪ ನೋಡಿ ಓಡಿಹೋಗುವ ಮೀನಲ್ಲ.

ಫ್ಲೈಗಳು ರಾಶಿ ಬೇಡ. ರಬ್ಬರ್ ಕಾಲಿನ ಫೋಮ್ ಜೇಡ, ಸಣ್ಣ ಪಾಪರ್, ಕಪ್ಪು ವೂಲಿ ಬಗ್ಗರ್, ಹೇರ್ಸ್ ಇಯರ್ ನಿಂಫ್ (ಕೊನೆಯ ಎರಡೂ ನೀರೊಳಗೆ ಮುಳುಗುವ ಫ್ಲೈಗಳು). ಇಷ್ಟೇ ನನ್ನ ಡಬ್ಬಿ. ಗಾಳದ ಸೈಜ್ 10 ಹಿತ. ಇಲ್ಲೂ ನಂಬರ್ ಏರಿದಷ್ಟು ಗಾಳ ಸಣ್ಣದು. 6 ಹಾಕಿದರೆ ಆ ಪುಟ್ಟ ಬಾಯಿಗೆ ಹಿಡಿಸದೆ ಮೀನು ಫ್ಲೈಯ ರಬ್ಬರ್ ಕಾಲಷ್ಟೇ ಜಗ್ಗಿ ಬಿಡುತ್ತದೆ. 14 ಹಾಕಿದರೆ ಗಂಟಲಿಗೇ ಎಳೆದುಕೊಳ್ಳುತ್ತದೆ. ಅದಕ್ಕೇ ಉದ್ದ ಮೂತಿಯ ಫೋರ್ಸೆಪ್ಸ್ ಬೇಕೇ ಬೇಕು. ಗಾಳದ ಮುಳ್ಳನ್ನು ಅದರಲ್ಲೇ ಅದುಮಿ ಚಪ್ಪಟೆ ಮಾಡಿಬಿಡುತ್ತೇನೆ, ಬಿಡಿಸುವುದು ಸಲೀಸು. ಮೀನು ಮೇಲೆ ಬರದಿದ್ದರೆ ಜೇಡದ ಗಾಳಕ್ಕೇ ಒಂದೂವರೆ ಅಡಿ ಎಳೆ ಕಟ್ಟಿ ಕೆಳಗೆ ನಿಂಫ್ ಇಳಿಬಿಡುತ್ತೇನೆ. ಜೇಡ ಮುಳುಗಿತು ಅಂದರೆ ನಿಂಫ್ ಬಾಯಲ್ಲಿದೆ ಅಂತ.

ಎದೆಯವರೆಗೆ ಬರುವ ವೇಡರ್ (ನೀರಿಗಿಳಿಯಲು ತೊಡುವ ಉಡುಪು), ಜೇಬಿನ ಜಾಕೆಟ್ ಯಾವುದೂ ಬೇಡ. ಪೋಲರೈಜ್ಡ್ ಕನ್ನಡಕ ಮಾತ್ರ ಬಿಡಬೇಡಿ. ವಸಂತದ ಕೊನೆಗೆ ನೀರು ಬೆಚ್ಚಗಾದಾಗ ಬ್ಲೂಗಿಲ್‌ಗಳು ದಡದ ಹತ್ತಿರವೇ ತಟ್ಟೆಯಾಕಾರದ ಗೂಡು ತೋಡುತ್ತವೆ, ಒಂದರ ಪಕ್ಕ ಒಂದು. ಆ ಕನ್ನಡಕ ನೀರ ಮೇಲಿನ ಹೊಳಪು ಕಳೆದರೆ ಗೂಡುಗಳು ಚೆನ್ನಾಗಿ ಕಾಣುತ್ತವೆ. ಎಸೆತವೂ ಚಿಕ್ಕದು, ನಮ್ಮಂಥ ಹೊಸಬರಿಗೆ ಅನುಕೂಲ.

ಲೈಸೆನ್ಸ್ ವಿಷಯ: ಟೆಕ್ಸಾಸ್‌ನಲ್ಲಿ 17 ತುಂಬಿದವರಿಗೆ ಬೇಕು. ಆದರೆ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿಯುವುದಾದರೆ ಬೇಡ. ಆಸ್ಟಿನ್‌ನವರಿಗೆ ಮೆಕಿನಿ ಫಾಲ್ಸ್ ಸ್ಟೇಟ್ ಪಾರ್ಕ್ ಹತ್ತಿರದ್ದು.